ಹಿಂದಿನ ಹಲಗೆಯ ಇಪ್ಪತ್ತಮೂರು ಮೂಸೆಗಳು

ಸಾವಿರದ ಆರುನೂರು ಡಿಗ್ರಿಯಲ್ಲಿ ಭಟ್ಟಿಯೊಳಗೆ ಏನೂ ಕಾಣುವುದಿಲ್ಲ. ನಂಬದವರ ಕೈಗೆ ಕಪ್ಪು ಗಾಜು ಕೊಟ್ಟು ನಾನು ಕಿಂಡಿಯ ಮುಂದೆ ನಿಲ್ಲಿಸುತ್ತಿದ್ದೆ. ಹಿಂದಿನ ದಿನ ಅವರೇ ಕೈಯಾರೆ ಜೋಡಿಸಿದ ನಲವತ್ತು ಮೂಸೆ ಒಳಗೇ ಇರುತ್ತಿದ್ದವು. ಆದರೆ ಗೋಡೆಯದೂ ಅದೇ ಬೆಳಕು, ಮೂಸೆಯದೂ ಅದೇ ಬೆಳಕು. ಯಾವುದಕ್ಕೂ ಅಂಚು ಎಂಬುದೇ ಇರುವುದಿಲ್ಲ. ನೋಡಿದವರು ಗಾಜು ಕೆಳಗಿಳಿಸಿ, "ಎಲ್ಲಿ ಹೋದುವ್ರಿ?" ಎಂದು ಕೇಳುತ್ತಿದ್ದರು. "ಎಲ್ಲೂ ಹೋಗಿಲ್ಲ, ಅಲ್ಲೇ ಅದಾವು" ಎಂದು ನಾನು ಭಾರೀ ತಿಳಿದವಳ ಹಾಗೆ ಹೇಳುತ್ತಿದ್ದೆ. ಮೊದಲ ಸಲ ನೋಡಿದಾಗ ನನ್ನ ಬೆನ್ನೂ ತಣ್ಣಗಾಗಿತ್ತು ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಎರಡು ಸಾವಿರದ ಹತ್ತರ ಆಚೀಚಿನ ವರ್ಷಗಳವು. ನನ್ನೂರು ಅಕ್ಕೋಳ, ಅಪ್ಪ ಬಸ್ ಕಂಡಕ್ಟರ್. ನಾನು ಸಿರಾಮಿಕ್ಸಿನಲ್ಲಿ ಡಿಪ್ಲೊಮಾ ಮಾಡಿ ಬಂದಾಗ ನಮ್ಮ ಓಣಿಯವರು, "ಇನ್ನ ಚಹಾದ ಕಪ್ಪು ಬಸಿ ಮಾಡಾಕಿ ಏನವಾ?" ಎಂದು ಚಾಷ್ಟಿ ಮಾಡಿ ಸಾಕುಸಾಕು ಮಾಡಿದ್ದರು. ಕೆಲಸ ಸಿಕ್ಕಿದ್ದು ಕೊಗನೊಳ್ಳಿಯ ಹತ್ತಿರ, ಹೆದ್ದಾರಿಯ ಪಕ್ಕದ ಒಂದು ಶೆಡ್ಡಿನಲ್ಲಿ. ಮಾಲೀಕರು ನಿಪ್ಪಾಣಿಯವರು. ಅವರ ಮನೆತನಕ್ಕೆ ಮೂರು ತಲೆಮಾರಿನಿಂದ ತಂಬಾಕಿನ ವ್ಯಾಪಾರ. ಅದು ತಗ್ಗುತ್ತ ಬಂದಾಗ ಅವರು ಹಳೆಯ ಗೋದಾಮಿನಲ್ಲಿ ಕರೆಂಟಿನ ಭಟ್ಟಿ ಕೂರಿಸಿ ಅಲ್ಯೂಮಿನಾ ಮೂಸೆ ಮಾಡಿಸತೊಡಗಿದ್ದರು. ಲೋಹ ಕರಗಿಸುವ ಫೌಂಡ್ರಿಗಳಿಗೆ, ಬಂಗಾರ ಪುಟವಿಡುವವರಿಗೆ ಬೇಕಾಗುವ ಬಿಳಿಯ ಲೋಟದಂಥ ಪಾತ್ರೆ ಅದು. ಮಾಲು ಗಡಿ ದಾಟಿ ಕೊಲ್ಲಾಪುರದ ಕಡೆಗೆ ಹೋಗುತ್ತಿತ್ತು. ಗೋದಾಮಿನ ಗೋಡೆಗಳು ಮಾತ್ರ ತಂಬಾಕು ಬಿಟ್ಟಿರಲಿಲ್ಲ. ಮೋಡ ಕವಿದ ದಿನ ಒಳಗೆ ಕಾಲಿಟ್ಟರೆ ಯಾರೋ ಈಗಷ್ಟೇ ಚೀಲ ಬಿಚ್ಚಿದಂತೆ ಘಾಟು ಬಡಿಯುತ್ತಿತ್ತು.

ಅಲ್ಯೂಮಿನಾ ಅಂದರೆ ಮೈದಾಹಿಟ್ಟಿನಂಥ ಪುಡಿ. ಅದು ಕರಗಬೇಕಾದರೆ ಎರಡು ಸಾವಿರ ಡಿಗ್ರಿ ದಾಟಬೇಕು. ಅಂಥ ಭಟ್ಟಿ ನಮಗೆಲ್ಲಿಂದ ಬರಬೇಕು? ಅದಕ್ಕೇ ಕರಗಿಸದೆ ಬೇಯಿಸುತ್ತಿದ್ದೆವು. ಸಾಕಷ್ಟು ಕಾಯಿಸಿದರೆ ಪುಡಿಯ ಕಣಗಳು ಒಂದಕ್ಕೊಂದು ತಾಗಿದಲ್ಲಿ ಬೆಸೆದುಕೊಳ್ಳುತ್ತವೆ, ನಡುವಿನ ಸಂದುಗಳು ಮುಚ್ಚುತ್ತವೆ, ಪಾತ್ರೆ ಉದ್ದಗಲಗಳಲ್ಲಿ ಹತ್ತಿರ ಹತ್ತಿರ ಐದರಲ್ಲೊಂದು ಪಾಲು ಕುಗ್ಗಿ ಕಲ್ಲಿಗಿಂತ ಗಟ್ಟಿಯಾಗುತ್ತದೆ. ಎಲ್ಲ ಕಡೆ ಒಂದೇ ಸಮ ಕುಗ್ಗಿತೋ, ಗೆದ್ದೆವು. ಒಂದು ಜಾಗ ಮುಂದೆ ಓಡಿ ಪಕ್ಕದ ಜಾಗ ಹಿಂದೆ ಉಳಿಯಿತೋ, ಸೀಳಿತು. ನಾನು ಸೇರಿದಾಗ ಅರ್ಧಕ್ಕರ್ಧ ಸೀಳುತ್ತಿದ್ದವು. ಅದನ್ನು ನಿಲ್ಲಿಸುವುದೇ ನನ್ನ ಕೆಲಸವಾಗಿತ್ತು.

ಮೂಸೆಗಳಿಗೆ ರೂಪ ಕೊಡುತ್ತಿದ್ದವರು ಜುಗೂಳದ ಒಬ್ಬ ಕುಂಬಾರರು. ಐವತ್ತು ದಾಟಿದ, ತೆಳ್ಳಗಿನ, ಮಾತಿಗೊಮ್ಮೆ ಹುಬ್ಬೇರಿಸುವ ಮನುಷ್ಯ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ವಾರವಿಡೀ ನಿಪ್ಪಾಣಿಯಲ್ಲೊಂದು ಖೋಲಿಯಲ್ಲಿದ್ದು, ರಜೆಯ ದಿನ ಜುಗೂಳಕ್ಕೆ ಹೆಂಡತಿ ಮತ್ತು ತಾಯಿಯ ಹತ್ತಿರ ಹೋಗಿ ಬರುತ್ತಿದ್ದರು. ಪ್ಲಾಸ್ಟರಿನ ಅಚ್ಚಿನೊಳಗೆ ಅಲ್ಯೂಮಿನಾದ ಬಿಳಿ ಗಂಜಿ ಹೊಯ್ದು, ಅಚ್ಚು ನೀರು ಕುಡಿದ ಮೇಲೆ ಹಸಿ ಮೂಸೆಯನ್ನು ಹೊರತೆಗೆಯುವುದು ಅವರ ಕೆಲಸ. ತೆಗೆದೊಡನೆ ಅದನ್ನು ಬೋರಲು ಹಾಕಿ ತಳದಲ್ಲಿ ಬಲಗೈಯ ಹೆಬ್ಬೆಟ್ಟು ಒತ್ತುತ್ತಿದ್ದರು. ಒಂದನ್ನೂ ಬಿಡುತ್ತಿರಲಿಲ್ಲ.

ಇದು ಅವರ ಮನೆಯ ಪದ್ಧತಿ. ಜುಗೂಳದಲ್ಲಿ ಕುಂಬಾರರ ನಾಲ್ಕು ಮನೆ ಸೇರಿ ಒಂದೇ ಆವಿಗೆಯಲ್ಲಿ ಗಡಿಗೆ ಸುಡುತ್ತಿದ್ದರಂತೆ. ಬೆಂದ ಮೇಲೆ ಯಾರ ಗಡಿಗೆ ಯಾವುದೆಂದು ತಿಳಿಯಲು ಪ್ರತಿಯೊಬ್ಬರೂ ಹಸಿಯಿದ್ದಾಗಲೇ ತಳದಲ್ಲಿ ಹೆಬ್ಬೆಟ್ಟು ಒತ್ತಬೇಕು. ಅವರ ತಾಯಿಗೆ ಎಷ್ಟೋ ವರ್ಷದಿಂದ ಕಣ್ಣು ಕಾಣುತ್ತಿರಲಿಲ್ಲ. ಆದರೂ ತಳ ಸವರಿ ಇದು ಹಿರಿಯ ಮಗನದು, ಇದು ಮೈದುನನದು ಎಂದು ಹೇಳಿಬಿಡುತ್ತಿದ್ದರಂತೆ. "ನಮ್ಮವ್ವನ ಮುಂದ ಕಳ್ಳತನ ನಡ್ಯಾಂಗಿಲ್ಲ ನೋಡ್ರಿ ಅಕ್ಕಾರ" ಎಂದು ಕಾಕಾ ನಗುತ್ತಿದ್ದರು. ನನಗಿಂತ ಮೂವತ್ತು ವರ್ಷ ಹಿರಿಯರು, ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಡಿಪ್ಲೊಮಾಕ್ಕೆ ಕೊಟ್ಟ ಮರ್ಯಾದೆ ಅದು.

ಭಟ್ಟಿ ಆರುವ ಹೊತ್ತಿಗೆ ಕಾಕಾ ಅದರ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕಿವಿಗೊಡುತ್ತಿದ್ದರು. ಎಡ ಅಂಗೈಯಲ್ಲಿ ತಂಬಾಕು, ಸುಣ್ಣ. ಬಲ ಹೆಬ್ಬೆಟ್ಟಿನಿಂದ ತಿಕ್ಕುತ್ತ ಕೂರುವುದು. ನಮ್ಮ ಕಡೆ ಇದನ್ನು ಯಾರೂ ಚಟವೆಂದೂ ಕರೆಯುವುದಿಲ್ಲ, ಉಸಿರಾಟದಷ್ಟೇ ಮಾಮೂಲು. ಒಳಗಿನಿಂದ ಟಕ್ ಎಂದು ಸದ್ದು ಬರುತ್ತಿತ್ತು. ಸದ್ದಿಗೊಂದರಂತೆ ಮೂಸೆ ಸೀಳಿತೆಂದು ಅರ್ಥ. "ಇದು ತಳ," ಎನ್ನುತ್ತಿದ್ದರು. ಮತ್ತೊಂದು ಟಕ್. "ಇದೂ ತಳ." ಬಾಗಿಲು ತೆಗೆದು ನೋಡಿದರೆ ಅವರ ಮಾತು ಸುಳ್ಳಾಗುತ್ತಿರಲಿಲ್ಲ. ಇದು ನನಗೆ ಸಿಟ್ಟು ತರಿಸುತ್ತಿತ್ತು. ನನ್ನ ಹತ್ತಿರ ಅಷ್ಟೊಂದು ಉಪಕರಣ, ಅವರ ಹತ್ತಿರ ಬರೀ ಕಿವಿ!

ನಾನೂ ಸುಮ್ಮನೆ ಕೂತಿರಲಿಲ್ಲ. ಪುಡಿಯನ್ನು ದಿನಗಟ್ಟಲೆ ಅರೆಸಿ ನುಣುಪು ಮಾಡಿದೆ. ಕಣಗಳು ಒಂದನ್ನೊಂದು ನುಂಗಿ ದೊಡ್ಡವಾಗದಿರಲೆಂದು ಚಿಟಿಕೆ ಮೆಗ್ನೀಷಿಯಾ ಬೆರೆಸಿದೆ. ಆರುನೂರು ಡಿಗ್ರಿಯವರೆಗೆ ಆಮೆಯ ವೇಗದಲ್ಲಿ ಕಾಯಿಸಿದೆ, ಅಷ್ಟೇ ನಿಧಾನ ಆರಿಸಿದೆ. ಸೀಳುವುದು ಅರ್ಧದಿಂದ ಮೂರರಲ್ಲೊಂದಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಏನು ಮಾಡಿದರೂ ಜಗ್ಗಲಿಲ್ಲ. ಒಂದು ದಿನ ಒಡೆದ ಮೂಸೆಗಳನ್ನೆಲ್ಲ ನೆಲದ ಮೇಲೆ ಬೋರಲು ಹಾಕಿ ಸಾಲಾಗಿ ಜೋಡಿಸಿದೆ. ಒಂದೊಂದನ್ನೇ ಬಗ್ಗಿ ನೋಡಿದೆ. ಪ್ರತಿಯೊಂದು ಬಿರುಕೂ ಹೆಬ್ಬೆಟ್ಟಿನ ಗುರುತಿನಿಂದಲೇ ಹೊರಟಿತ್ತು. ಒತ್ತಿದಲ್ಲಿ ಪುಡಿ ಬಿಗಿಯಾಗುತ್ತದೆ, ಪಕ್ಕದಲ್ಲಿ ಸಡಿಲ ಇರುತ್ತದೆ, ಅದಕ್ಕೇ ಸೀಳುತ್ತದೆ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ.

"ಕಾಕಾ, ನಾಳೆಯಿಂದ ಹೆಬ್ಬಟ್ಟು ಒತ್ತಬ್ಯಾಡ್ರಿ" ಎಂದೆ, ಎಲ್ಲರ ಮುಂದೆ.

"ಒತ್ತಲಿಲ್ಲಂದ್ರ ನಂದು ಯಾವ್ದು ಅಂತ ಹ್ಯಾಂಗ ಗೊತ್ತಾಗಬೇಕ್ರಿ?"

"ಇಲ್ಲಿ ನಿಮ್ದು ಅಂತ ಯಾವ್ದೂ ಇಲ್ಲ. ಎಲ್ಲಾ ಕಂಪನೀದು."

ಹೀಗೆಯೇ ಹೇಳಿದೆ. ನನಗೆ ಆಗ ಇಪ್ಪತ್ತನಾಲ್ಕು ವರ್ಷ, ನಾಲಗೆಗೆ ಲಗಾಮಿರಲಿಲ್ಲ. ಕಾಕಾ ಹುಬ್ಬೇರಿಸಲಿಲ್ಲ. ಹೆಬ್ಬೆಟ್ಟನ್ನು ಧೋತರಕ್ಕೆ ಒರೆಸಿಕೊಂಡು ಎದ್ದು ಹೋದರು. ಮುಂದಿನ ಸುಡುವಿಕೆಯಲ್ಲಿ ನಲವತ್ತರಲ್ಲಿ ಎರಡು ಸೀಳಿದವು, ಅಷ್ಟೇ. ಮಾಲೀಕರು ಖುಷಿಯಾಗಿ ಪೇಡೆ ಹಂಚಿದರು. ನಾನು ಎರಡು ತಿಂದೆ. ಕಾಕಾ ತಮ್ಮ ಪಾಲಿನದನ್ನು ಕಾಗದದಲ್ಲಿ ಸುತ್ತಿ ತಾಯಿಗೆಂದು ಜೇಬಿಗಿಟ್ಟರು.

ಅದಾಗಿ ಒಂದು ತಿಂಗಳೂ ಕಳೆದಿರಲಿಲ್ಲ. ರಜೆಗೆ ಊರಿಗೆ ಹೋದವರು ಮಧ್ಯಾಹ್ನ ಉಂಡು ಗೋಡೆಗೊರಗಿ ಕೂತಿದ್ದಾಗ ಎದೆ ಹಿಡಿದುಕೊಂಡರಂತೆ. ಜೀಪು ಕಾಗವಾಡ ಮುಟ್ಟುವುದರೊಳಗೆ ಮುಗಿದಿತ್ತು. ಶೆಡ್ಡಿನಿಂದ ಎಲ್ಲರೂ ಮಣ್ಣಿಗೆ ಹೋದರು. ಭಟ್ಟಿ ಉರಿಯುತ್ತಿದೆ, ಬಿಟ್ಟು ಬರಲು ಆಗುವುದಿಲ್ಲ ಎಂದು ನಾನು ಉಳಿದೆ. ಭಟ್ಟಿ ಉರಿಯುತ್ತಿದ್ದುದು ನಿಜ. ಅವರ ಮನೆಯವರ ಮುಖ ನೋಡುವ ಧೈರ್ಯ ನನಗಿರಲಿಲ್ಲ ಎಂಬುದೂ ನಿಜ.

ನಾಲ್ಕನೆಯ ದಿನ ಬೆಳಿಗ್ಗೆ, ಮೂಸೆಯ ಅಂಚು ಉಜ್ಜುವ ಕೆಲಸದ ಹೆಂಗಸು ಗೋದಾಮಿನ ಹಿಂದಿನ ಮೂಲೆಯಿಂದ ಕೂಗಿದಳು. ಅವಳನ್ನು ನಾವು ಮೌಶಿ ಎನ್ನುತ್ತಿದ್ದೆವು. ಹಿಂದೆ ತಂಬಾಕಿನ ಅಂಡಿಗೆ ಮೂಟೆಗಳನ್ನು ಒಟ್ಟುತ್ತಿದ್ದ ಆ ಮೂಲೆಗೆ ಯಾರೂ ಹೋಗುತ್ತಿರಲಿಲ್ಲ. ಹೋಗಿ ನೋಡಿದರೆ, ಅಲ್ಲೊಂದು ಹಲಗೆಯ ಮೇಲೆ ಗೋಣಿಚೀಲ ಹೊದಿಸಿದ ಹಸಿ ಮೂಸೆಗಳು. ಎಣಿಸಿದೆ, ಇಪ್ಪತ್ತಮೂರು. ಎಲ್ಲ ಬೋರಲು, ಎಲ್ಲದರ ತಳದಲ್ಲೂ ಹೆಬ್ಬೆಟ್ಟು. ನಾನು ಬೇಡ ಅಂದಮೇಲೂ ಕಾಕಾ, ನಾವು ಬರುವ ಮುಂಚೆ ಬಂದು, ತಮಗಾಗಿ ಇವನ್ನು ಮಾಡಿಟ್ಟುಕೊಂಡಿದ್ದರು.

"ಮುಟ್ಟಿ ನೋಡ್ರಿ," ಎಂದಳು ಮೌಶಿ, ಎರಡು ಹೆಜ್ಜೆ ಹಿಂದೆ ಸರಿದು. "ಮನಷ್ಯಾ ಸತ್ತು ನಾಕ್ ದಿನ ಆತು. ಇವು ಇನ್ನೂ ಹಸೀನ ಅದಾವು."

ಹೆಬ್ಬೆಟ್ಟಿನ ಗೆರೆಗಳು ಈಗ ತಾನೇ ಒತ್ತಿದಷ್ಟು ತಾಜಾ ಆಗಿದ್ದವು. ಚೀಲ ಒದ್ದೆಯಿದೆ, ಮೂಲೆಯಲ್ಲಿ ಗಾಳಿಯಾಡುವುದಿಲ್ಲ, ಅದಕ್ಕೇ ಒಣಗಿಲ್ಲ ಎಂದು ಅವಳಿಗೆ ತಿಳಿಸಿ ಹೇಳಿದೆ. ಹೇಳುತ್ತಿರುವಾಗಲೇ ನನ್ನ ಕಾಲ ಮೇಲೆ ಚೀಲದಿಂದ ನೀರು ತೊಟ್ಟಿಕ್ಕಿತು. ನಾಲ್ಕು ದಿನದ ಹಿಂದೆ ತೋಯಿಸಿದ ಚೀಲ ತೊಟ್ಟಿಕ್ಕುವುದಿಲ್ಲ. ತೋಯಿಸಿದವರು ಯಾರೆಂದು ಶೆಡ್ಡಿನಲ್ಲಿ ಎಲ್ಲರನ್ನೂ ಕೇಳಿದೆ, ಗದರಿದೆ. ಯಾರೂ ಒಪ್ಪಿಕೊಳ್ಳಲಿಲ್ಲ. ಇಂದಿಗೂ ನನಗೆ ಗೊತ್ತಿಲ್ಲ.

ಪುಡಿ ಮಾಡಿ ಮತ್ತೆ ಗಂಜಿಗೆ ಹಾಕಿರಿ ಎಂದರು ಮಾಲೀಕರು. ಹಸಿ ಮಾಲಿಗೆ ಅದೇ ರೂಢಿ. ನಾನು ಹಾಗೇ ಮಾಡುತ್ತಿದ್ದೆನೋ ಏನೋ. ಆದರೆ ಅದೇ ವಾರ ಕಾಕಾನ ಹೆಂಡತಿ ಖೋಲಿ ಖಾಲಿ ಮಾಡಲು ಬಂದವರು ಶೆಡ್ಡಿಗೂ ಬಂದರು. ಬಾಗಿಲಲ್ಲೇ ನಿಂತು, ಸೆರಗನ್ನು ಬೆರಳಿಗೆ ಸುತ್ತುತ್ತ ಹೇಳಿದರು: "ನಮ್ಮತ್ತಿ ಕಳಿಸ್ಯಾರ್ರಿ. ಮಗನ ಹೆಬ್ಬಟ್ಟಿಂದು ಒಂದ ಬೇಕಂತ್ರಿ. ಹಿಂದ ಹೊಳಿ ಮನಿ ಹೊಕ್ಕಾಗ ಗಡಿಗಿ ಎಲ್ಲಾ ಹೋದುವು. ಅವರ ಕೈದು ಮನ್ಯಾಗ ಒಂದೂ ಉಳದಿಲ್ರಿ."

ಹೆಬ್ಬೆಟ್ಟಿನ ಗುರುತಿದ್ದು ಚೆನ್ನಾಗಿ ಬೆಂದ ಹಳೆಯ ಮೂಸೆಗಳೆಲ್ಲ ಎಂದೋ ಮಾರಿಹೋಗಿದ್ದವು. ಹಲಗೆಯಿಂದ ಹಸಿಯದೊಂದನ್ನು ತಂದು ಅವರ ಕೈಗಿಟ್ಟೆ. ಹಿಡಿದ ಕಡೆ ಅಂಚು ಮುರಿದು ಒದ್ದೆ ಹಿಟ್ಟಿನಂತೆ ಉದುರಿತು. "ಇದು ತಾಳಾಂಗಿಲ್ರಿ. ಅತ್ತಿ ದಿನಾ ಮುಟ್ಟವ್ರು" ಎಂದರು ಆ ಹೆಣ್ಣುಮಗಳು, ನನ್ನನ್ನೇ ಸಮಾಧಾನ ಮಾಡುವವರ ಹಾಗೆ. "ಬೇಯಿಸಿ ಕೊಡ್ತೀನ್ರಿ, ಗಟ್ಟಿ ಮಾಡಿ ನಾನ ತಂದು ಕೊಡ್ತೀನಿ" ಎಂದು ಮಾತು ಕೊಟ್ಟೆ. ಇಪ್ಪತ್ತಮೂರರಲ್ಲಿ ಹತ್ತಾದರೂ ಉಳಿಯುತ್ತವೆ ಎಂಬ ಭಂಡ ಧೈರ್ಯ ನನ್ನದು.

ಮೊದಲು ಎಂಟನ್ನು ಒಣಗಿಸಿ ಉಳಿದ ಮಾಲಿನ ಜೊತೆ ಸುಟ್ಟೆ. ಕಾಕಾ ಹೋದಮೇಲೆ ಭಟ್ಟಿಯ ಪಕ್ಕ ಕೂರಲು ಯಾರೂ ಇರಲಿಲ್ಲ, ನಾನೇ ಕೂತೆ. ಮಟಮಟ ಮಧ್ಯಾಹ್ನ, ಕರೆಂಟು ಹೋಗಿ ಶೆಡ್ಡಿನಲ್ಲಿ ಒಂದು ಫ್ಯಾನೂ ತಿರುಗುತ್ತಿರಲಿಲ್ಲ. ಆರುತ್ತಿದ್ದ ಭಟ್ಟಿಯೊಳಗೆ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೊಂದು. ಒಬ್ಬರು ಎದ್ದು ನಾಲ್ಕು ಹೆಜ್ಜೆ ನಡೆದು ನಿಂತು, ಮತ್ತೆ ನಾಲ್ಕು ಹೆಜ್ಜೆ ನಡೆಯುವಷ್ಟು ಅಂತರ. ಒಟ್ಟು ಎಂಟು ಸಲ. ಒಂಬತ್ತನೆಯದಕ್ಕೆ ಕಾದೆ, ಬರಲಿಲ್ಲ. ಮರುದಿನ ಬಾಗಿಲು ತೆಗೆದರೆ ಕಂಪನಿಯ ಮಾಲು ಒಂದೂ ಒಡೆದಿರಲಿಲ್ಲ. ಕಾಕಾನ ಎಂಟೂ ಹೆಬ್ಬೆಟ್ಟಿನ ನಡುವಿನಿಂದ ಸೀಳಿಬಿಟ್ಟಿದ್ದವು. ಮೈಯೆಲ್ಲ ಒಣ ಬಿಳುಪು, ಹೆಬ್ಬೆಟ್ಟಿನ ಜಾಗ ಮಾತ್ರ ಮಿರುಗುತ್ತಿತ್ತು, ನೀರಲ್ಲಿ ಅದ್ದಿದ ಬೆರಳನ್ನು ಆಗಷ್ಟೇ ಒತ್ತಿ ತೆಗೆದ ಹಾಗೆ. ನಾನು ಬೆರಳಾಡಿಸಿದೆ. ಒದ್ದೆಯಿರಲಿಲ್ಲ. ಆದರೂ ಬೆರಳನ್ನು ಓಢಣಿಗೆ ಒರೆಸಿಕೊಂಡೆ.

ಮೌಶಿ ಒಂದು ಚೂರನ್ನು ಮೂಸಿ ನೋಡಿದಳು. "ತಂಬಾಕದ ವಾಸನಿ ಬಡೀತೈತಿ."

"ಈ ಗೋದಾಮಿನ್ಯಾಗ ನನ್ನ ಡಬ್ಬಿ ಊಟಕ್ಕೂ ತಂಬಾಕದ ವಾಸನಿ ಬಡೀತೈತಿ" ಎಂದು ರೇಗಿದೆ.

"ಅವರಿಗೆ ಮನಸಿಲ್ರಿ ಅಕ್ಕಾರ, ಕೊಡಾಕ ಮನಸಿಲ್ಲ. ನೀವು ಬ್ಯಾಡ ಅಂದಿದ್ರಿ. ಈಗ ಅವರು ಬ್ಯಾಡ ಅಂತಾರ." ಇಷ್ಟು ಹೇಳಿ ಅವಳು ಆ ಹಲಗೆಯ ಹತ್ತಿರ ಸುಳಿಯುವುದನ್ನೇ ಬಿಟ್ಟಳು. ಮುಂದಿನ ಎಂಟನ್ನು ನಾನೊಬ್ಬಳೇ ಭಟ್ಟಿಯಲ್ಲಿ ಬೋರಲು ಜೋಡಿಸಿದೆ. ಒಂದೊಂದನ್ನೂ ಎತ್ತಿಡುವಾಗ ನನ್ನ ಹೆಬ್ಬೆಟ್ಟು ಬೇಡವೆಂದರೂ ಅವರ ಹೆಬ್ಬೆಟ್ಟಿನ ಗುಳಿಯೊಳಗೆ ಹೋಗಿ ಕೂರುತ್ತಿತ್ತು. ಅವರದು ಅಗಲ, ನನ್ನದು ಅದರೊಳಗೆ ಸಡಿಲಾಗಿ ಆಡುತ್ತಿತ್ತು.

ಈ ಸಲ ಇನ್ನೂ ನಿಧಾನ ಕಾಯಿಸಿದೆ, ಸಾವಿರದ ಮುನ್ನೂರು ದಾಟಿದ ಮೇಲೆ ಕಿಂಡಿ ಬಿಟ್ಟು ಕದಲಲಿಲ್ಲ. ಅಲ್ಲಿಯವರೆಗೆ ಮೂಸೆಗಳು ಕೆಂಪು ಕಿತ್ತಳೆಯಾಗಿ ಕಾಣುತ್ತಿದ್ದವು. ಸಾವಿರದ ನಾನೂರು ಸಮೀಪಿಸುತ್ತಿದ್ದಂತೆ ಅಂಚುಗಳು ಕರಗುತ್ತ ಬಂದವು. ಆಗ ಕಂಡಿತು. ಮೂಸೆಗಳು ಬೆಳಕಿನಲ್ಲಿ ಅಳಿಸಿಹೋಗುತ್ತಿದ್ದವು, ಅವುಗಳ ತಳದ ಹೆಬ್ಬೆಟ್ಟುಗಳು ಅಳಿಸಲಿಲ್ಲ. ಮಿಕ್ಕ ಬೆಳಕಿಗಿಂತ ಬೇರೆಯಾಗಿ, ತುಸು ಬಿಳಿಚಿಕೊಂಡು, ಯಾವುದಕ್ಕೂ ಅಂಟಿಕೊಳ್ಳದೆ ಎರಡು ಸಾಲಿನಲ್ಲಿ ನಿಂತಿದ್ದವು. ಒಳಗಿನಿಂದ ಯಾರೋ ಹೆಬ್ಬೆಟ್ಟೊತ್ತುತ್ತಿರುವಂತೆ. ಎಣಿಸಿದೆ, ಒಂಬತ್ತು. ಕಣ್ಣು ಮುಚ್ಚಿ ತೆರೆದು ಮತ್ತೆ ಎಣಿಸಿದೆ, ಒಂಬತ್ತು. ಬಹಳ ಹೊತ್ತು ಬೆಳಕು ನೋಡಿದರೆ ಕಣ್ಣಲ್ಲೇ ಚುಕ್ಕೆ ನಿಲ್ಲುತ್ತದೆ, ಅದು ನನಗೆ ಗೊತ್ತು. ಗೊತ್ತಿದ್ದೂ ಕಪ್ಪು ಗಾಜು ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡು ನೋಡುವಷ್ಟರಲ್ಲಿ ಒಳಗೆ ಏನೂ ಇರಲಿಲ್ಲ, ಬರೀ ಬೆಳಕು.

ಹೊರಗೆ ಬಂದು ಹೆದ್ದಾರಿಯ ಲಾರಿಗಳನ್ನು ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ತಲೆ ಕೆಲಸ ಮಾಡತೊಡಗಿತು. ಒಂದು ಜಾಗ ಬೇರೆಯಾಗಿ ಹೊಳೆಯಬೇಕಾದರೆ ಅಲ್ಲಿರುವುದು ಬೇರೆ ವಸ್ತು. ಆರಿದ ಮೇಲೆ ಮಿರುಗಬೇಕಾದರೆ ಅದು ಕರಗಿರಬೇಕು. ಬರೀ ಒತ್ತಿದ ಮಾತ್ರಕ್ಕೆ ಅಲ್ಯೂಮಿನಾ ಸಾವಿರದ ನಾನೂರಕ್ಕೆ ಕರಗುವುದಿಲ್ಲ. ಅದನ್ನು ಅಷ್ಟು ಸುಲಭವಾಗಿ ಕರಗಿಸುವುದು ಏನು? ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಸುಣ್ಣ!

ಎಡ ಅಂಗೈ, ಬಲ ಹೆಬ್ಬೆಟ್ಟು, ತಂಬಾಕು, ಸುಣ್ಣ. ದಿನಕ್ಕೆ ಇಪ್ಪತ್ತು ಸಲ ನನ್ನ ಕಣ್ಣೆದುರೇ ತಿಕ್ಕುತ್ತಿದ್ದರು. ಅದೇ ಹೆಬ್ಬೆಟ್ಟನ್ನು ಹಸಿ ಮೂಸೆಗೆ ಒತ್ತುತ್ತಿದ್ದರು. ಆಗಷ್ಟೇ ತಿಕ್ಕಿದ್ದರೆ ಆ ಮೂಸೆ ಸೀಳುತ್ತಿತ್ತು, ತಿಕ್ಕಿ ಬಹಳ ಹೊತ್ತಾಗಿದ್ದರೆ ಉಳಿಯುತ್ತಿತ್ತು. ಹಲಗೆಯ ಮೇಲಿನ ಇಪ್ಪತ್ತಮೂರೂ ಒದ್ದೆ ಚೀಲದ ಕೆಳಗಿದ್ದುದರಿಂದ ಸುಣ್ಣ ನೀರಿನೊಡನೆ ಒಳಕ್ಕೆ ಇಳಿದಿತ್ತು. ತಪ್ಪು ಹೆಬ್ಬೆಟ್ಟಿನದಾಗಿರಲಿಲ್ಲ. ಕಾಕಾ, ಒತ್ತುವ ಮುಂಚೆ ಕೈ ತೊಳಕೊಳ್ರಿ ಎಂದು ಹೇಳಿದ್ದರೆ ಸಾಕಿತ್ತು. ಒಂದು ಚೊಂಬು ನೀರಿನಲ್ಲಿ ಮುಗಿಯುವ ಮಾತಿಗೆ ನಾನು, ಇಲ್ಲಿ ನಿಮ್ಮದು ಅಂತ ಯಾವುದೂ ಇಲ್ಲ ಎಂದಿದ್ದೆ. ಲಾರಿಗಳು ಹೋಗುತ್ತಿದ್ದವು, ನಾನು ರಸ್ತೆಯ ಬದಿಯಲ್ಲಿ ನಿಂತು ಜೋರಾಗಿ ಅತ್ತೆ. ನಾಚಿಕೆಗೆ ಅತ್ತೆ.

ಭಟ್ಟಿಯಲ್ಲಿದ್ದ ಎಂಟಕ್ಕೆ ಕಾಲ ಮೀರಿತ್ತು. ಅವೂ ಸೀಳಿದವು. ಕಾಕಾನ ಹೆಂಡತಿಯ ಕೈಯಲ್ಲಿ ಉದುರಿದ್ದನ್ನು ಬಿಟ್ಟರೆ ಇನ್ನು ಆರು ಉಳಿದಿದ್ದವು.

"ಅಸೂ ದೇ, ಬಿಡ್ರಿ ಮ್ಯಾಡಂ," ಮಾಲೀಕರು ಹೇಳಿದರು. "ಫೋಟೋ ಒಂದು ಕಟ್ಟು ಹಾಕಿಸಿ ಕೊಡೋಣು."

"ಕಣ್ಣು ಕಾಣದವರಿಗೆ ಫೋಟೋ ಏನ್ರಿ ಮಾಡೂದು?" ಎಂದೆ. ಅವರು ಮತ್ತೆ ಅಡ್ಡ ಬರಲಿಲ್ಲ.

ಆರನ್ನೂ ಒಟ್ಟಿಗೇ ಇಟ್ಟೆ, ಬೇರೆ ಮಾಲು ಹಾಕಲಿಲ್ಲ. ಹೆಬ್ಬೆಟ್ಟುಗಳು ಹೊಳೆಯತೊಡಗಿದ ಆ ಶಾಖ ನನಗೀಗ ಗೊತ್ತಿತ್ತು. ಅದನ್ನು ಮುಟ್ಟಲೇಬಾರದು. ಅದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ, ಸುಣ್ಣ ಕರಗದಂತೆ, ಬರೀ ಹೊತ್ತಿನ ಬಲದಿಂದಲೇ ಕಣಗಳನ್ನು ಬೆಸೆಯಬೇಕು. ಮೂರು ತಾಸಿನ ಕೆಲಸಕ್ಕೆ ಮೂರು ದಿನ. ಪುಡಿಯನ್ನು ಮೊದಲೇ ನುಣ್ಣಗೆ ಅರೆಸಿದ್ದರಿಂದ ಅದು ಆಗಬಹುದೆಂಬ ಆಸೆ ಇತ್ತು. ಕರೆಂಟು ಹೋದಾಗಲೆಲ್ಲ ಜನರೇಟರಿಗೆ ಓಡುತ್ತಿದ್ದೆ. ಮೂರೂ ದಿನ ಕಿಂಡಿಯೊಳಗೆ ಆರು ಮೂಸೆಗಳು ಮಸುಕಾಗಿಯಾದರೂ ಕಾಣುತ್ತಿದ್ದವು. ಅವು ಕಣ್ಮುಂದೆಯೇ ಇವೆ ಎಂಬುದೇ ಸಮಾಧಾನ. ಅವು ದಿನದಿಂದ ದಿನಕ್ಕೆ ಸಣ್ಣವಾಗುತ್ತಿರುವುದೂ ಕಾಣುತ್ತಿತ್ತು, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದು ದೂರ ಹೋಗುತ್ತಿರುವವರ ಹಾಗೆ.

ಆರುವಾಗ ನಾನು ಭಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ಟಕ್. "ಕಾಕಾ, ಒಂದನ್ನಾದರೂ ಬಿಡ್ರಿ" ಎಂದು ಬಾಯಿಬಿಟ್ಟು ಹೇಳಿದೆ. ದೇವರಿಗೂ ಅಷ್ಟು ದೈನ್ಯದಿಂದ ಕೈಮುಗಿದವಳಲ್ಲ ನಾನು. ಟಕ್. ಸಂಜೆಯವರೆಗೆ ಐದಾದವು. ಆಮೇಲೆ ನಿಂತಿತು. ಬಾಗಿಲು ಮುಟ್ಟುವಷ್ಟು ತಣ್ಣಗಾಗಲು ಮರುದಿನ ಮಧ್ಯಾಹ್ನವೇ ಆಯಿತು. ತೆಗೆದೆ. ಐದು ಸೀಳಿದ್ದವು, ಒಂದು ಇಡಿಯಾಗಿ ಕೂತಿತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ಕಂಚಿನಂತೆ ಠಣ್ ಎಂದಿತು. ನೀರಿನಲ್ಲಿ ಮುಳುಗಿಸಿಟ್ಟು ತೂಗಿದೆ, ಒಂದು ಹನಿಯನ್ನೂ ಕುಡಿದಿರಲಿಲ್ಲ. ಹೆಬ್ಬೆಟ್ಟು ಈ ಸಲ ಮಿರುಗುತ್ತಿರಲಿಲ್ಲ. ಮೈಯಷ್ಟೇ ಬಿಳುಪು, ಒಂದೊಂದು ಗೆರೆಯೂ ಸ್ಪಷ್ಟ. ನಾನು ಅದುವರೆಗೆ ಸುಟ್ಟಿದ್ದರಲ್ಲೆಲ್ಲ ಅಷ್ಟು ಚೆನ್ನಾಗಿ ಬೆಂದದ್ದು ಇನ್ನೊಂದಿರಲಿಲ್ಲ.

ಚಿಕ್ಕೋಡಿಗೆ ಒಂದು ಬಸ್ಸು, ಅಲ್ಲಿಂದ ಅಂಕಲಿಯಲ್ಲಿ ಹೊಳೆ ದಾಟಿ ಮತ್ತೊಂದು, ಕೊನೆಗೆ ಟೆಂಪೊ. ಮೂಸೆಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಜುಗೂಳಕ್ಕೆ ಹೋದೆ. ಕಾಕಾನ ತಾಯಿ ಪಡಸಾಲೆಯಲ್ಲಿ ಚೀಲ ಹಾಸಿಕೊಂಡು ಕೂತಿದ್ದರು. ಸಣ್ಣ ಮೈ, ಆದರೆ ಕೈ ಮಾತ್ರ ಗಂಡಸರ ಕೈಯಷ್ಟು ದೊಡ್ಡವು. ದಾರಿಯುದ್ದಕ್ಕೂ ಹೊಂದಿಸಿಟ್ಟುಕೊಂಡಿದ್ದನ್ನು ಕೂತೊಡನೆ ಒದರಿಬಿಟ್ಟೆ: "ಆಯಿ, ಹೆಬ್ಬಟ್ಟು ಒತ್ತಬ್ಯಾಡ್ರಿ ಅಂತ ನಾನ ಅಂದಿದ್ದೆ. ನಂದು ತಪ್ಪಾತು."

"ಹೇಳಿದ್ದ ಅಂವ," ಎಂದರು ಆಯಿ, ಅದೇನು ದೊಡ್ಡ ಮಾತಲ್ಲ ಎನ್ನುವಂತೆ. "ಎಲ್ಲೈತಿ, ಕೊಡು ಇತ್ತ."

ಕೊಟ್ಟೆ. ಆ ದೊಡ್ಡ ಕೈಗಳು ಮೂಸೆಯನ್ನು ಒಂದು ಸುತ್ತು ತಿರುಗಿಸಿದವು, ಬೋರಲು ಹಾಕಿದವು. ಹೆಬ್ಬೆಟ್ಟು ನೆಟ್ಟಗೆ ಗುರುತಿಗೇ ಹೋಗಿ ನಿಂತಿತು. ಮುಖ ಅರಳಿತು. ಮರುಗಳಿಗೆ ಕೈ ತಡೆಯಿತು. ಮತ್ತೆ ಸವರಿದರು, ಈ ಸಲ ಕಿರುಬೆರಳಿನಿಂದ.

"ಇದು ಯಾವಾಗಿಂದವ್ವ?"

"ಹೋದ ತಿಂಗಳಾ ಮಾಡಿದ್ದ್ರಿ."

"ಸುಳ್ಳ ಹೇಳಬ್ಯಾಡ. ಬಟ್ಟು ಅವಂದ, ಹೌದು. ಖರೆ ಇದು ಅಂವ ಸಣ್ಣಾಂವಿದ್ದಾಗಿಂದು. ಹತ್ತು ವರ್ಷದಾಂವಿದ್ದ. ತಿಗರಿ ಮುಂದ ನಾನ ಕುಂದ್ರಿಸಿದ್ದೆ, ಕೈ ಹಿಡದು ಒತ್ತಿಸಿದ್ದೆ. ನನಗ ಗೊತ್ತಾಗಾಂಗಿಲ್ಲೇನು?"

ಬೆಂಕಿಯಲ್ಲಿ ಇದು ಕುಗ್ಗುತ್ತದೆ ಎಂದು ವಿವರಿಸಿದೆ. ಪುಡಿ, ಸಂದು, ಐದರಲ್ಲೊಂದು ಪಾಲು, ಎಲ್ಲ ಹೇಳಿದೆ. ಆಯಿ ಕೇಳಿಸಿಕೊಂಡರು. "ಮಣ್ಣೂ ಕುಗ್ಗತೈತಿ. ಇಷ್ಟು ಕುಗ್ಗಾಂಗಿಲ್ಲ" ಎಂದರು. ಬಾಗಿಲ ಮರೆಯಲ್ಲಿ ಕಾಕಾನ ಹೆಂಡತಿ ನಿಂತಿದ್ದರು. ಆಯಿ ಬಹಳ ಹೊತ್ತು ಆ ಗುರುತಿನ ಮೇಲೆ ಬೆರಳಿಟ್ಟುಕೊಂಡೇ ಇದ್ದು, ದನಿ ತಗ್ಗಿಸಿ, ನನಗೊಬ್ಬಳಿಗೇ ಕೇಳಿಸುವಂತೆ ಕೇಳಿದರು:

"ಇನ್ನೊಮ್ಮೆ ಸುಟ್ರ ಇನ್ನೂ ಸಣ್ಣ ಆಕ್ಕೈತೇನು? ಎದಿ ಹಾಲು ಕುಡಿಯೋ ಮುಂದ ಇತ್ತಲ್ಲ, ಅಷ್ಟು?"

"ಇಲ್ಲ ಆಯಿ. ಇನ್ನ ಕುಗ್ಗಾಂಗಿಲ್ಲ. ಒಳಗ ಸಂದು ಉಳದಿಲ್ಲ." ಒಂದೂ ಸಂದು ಉಳಿಯದಂತೆ ಬೇಯಿಸಲೆಂದೇ ಅಷ್ಟು ವರ್ಷ ಹೆಣಗಿದವಳಿಗೆ, ಒಂದಿಷ್ಟು ಉಳಿಸಬಾರದಿತ್ತೇ ಎಂದು ಅಂದು ಮೊದಲ ಸಲ ಅನ್ನಿಸಿತು.

"ಆತು ಬಿಡು," ಎಂದರು ಆಯಿ. "ಹತ್ತು ವರ್ಷದಾಂವನ ಇರ್ಲಿ." ಮೂಸೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೆರಗು ಹೊದಿಸಿದರು. ಆಮೇಲೆ ಒಳಗಿನ ಕಡೆ ಮುಖ ತಿರುಗಿಸಿ, ಸೊಸೆಗೆ ಕೂಗಿ ಹೇಳಿದರು: "ಹುಡುಗ ಬಂದಾನ. ಹಸದಿರ್ತಾನ, ತಾಟು ಇಡವ್ವ."

ಕಾಕಾನ ಹೆಂಡತಿ ನನ್ನ ಮುಖ ನೋಡಲಿಲ್ಲ. ಒಳಗೆ ಹೋಗಿ ಮೂರು ತಾಟು ತಂದರು, ನನ್ನ ಮುಂದೊಂದು, ಅತ್ತೆಯ ಮುಂದೊಂದು, ಅತ್ತೆಯ ಪಕ್ಕದ ಖಾಲಿ ಜಾಗದಲ್ಲೊಂದು ಇಟ್ಟು, ಮೂರಕ್ಕೂ ರೊಟ್ಟಿ ಹಾಕಿದರು.